ಗೌತಮಿಯ ಎರಡೂವರೆ ಗ್ರಾಂ

ಗೌತಮಿಗೆ ಲೆಕ್ಕ ಅಂದರೆ ಯಾವತ್ತೂ ಭಯ ಇರಲಿಲ್ಲ. ಕುರುಗೋಡಿನ ಸಾಲಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಅವಳ ಬಾಯಿಗೆ ಬಂದಿರುತ್ತಿತ್ತು. ಕೈ ಎತ್ತುವ ಮೊದಲೇ ಹೇಳಿಬಿಟ್ಟಳು ಅಂತ ಬೈಸಿಕೊಂಡದ್ದೇ ಹೆಚ್ಚು. ಅವಳ ಅಪ್ಪ ಓಬಣ್ಣ ಊರ ಪಕ್ಕದ ಗುಡ್ಡದಲ್ಲಿ ಕಲ್ಲು ಒಡೆಯುವ ಕೆಲಸದವನು. ಅವ್ವ ಈರಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಹುಟ್ಟಿದ ವರ್ಷವೇ ಓಬಣ್ಣ ಬಳ್ಳಾರಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಅದಕ್ಕೇ ಆ ಹೆಸರು. ಓಣಿಯ ಹೆಂಗಸರ ನಾಲಿಗೆಯ ಮೇಲೆ ಅದು ಸರಿಯಾಗಿ ಹೊರಳಲು ಹದಿಮೂರು ವರ್ಷ ಹಿಡಿಯಿತು, ಅಷ್ಟರಲ್ಲಿ ಹುಡುಗಿ ಹೈಸ್ಕೂಲು ಸೇರಿದ್ದಳು.

ಪಿಯುಸಿ ಆದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದಿದಳು. ಅಲ್ಲಿ ಪಾಠ ಹೇಳುತ್ತಿದ್ದ ಚಿದಾನಂದಪ್ಪನವರು ಸ್ವಲ್ಪ ಬಿಗಿ ಮನುಷ್ಯ. ಬೇರೆಯವರೆಲ್ಲ ಅಂಗಡಿಯಿಂದ ತಂದ ಗುಳಿಗೆಯನ್ನು ನೀರಿಗೆ ಹಾಕಿ ಬಫರ್ ಆಯಿತು ಅಂದರೆ, ಅವರು ಮಾತ್ರ ಉಪ್ಪು ತೂಗಿ, ಲೆಕ್ಕ ಬರೆದು, ಕೈಯಿಂದಲೇ ಮಾಡಿ ಅನ್ನುತ್ತಿದ್ದರು. ಬಫರ್ ಅಂದರೆ ಹೆದರುವಂಥದ್ದೇನಲ್ಲ. ಸ್ವಲ್ಪ ಹುಳಿ ಗುಣದ ಒಂದು ಉಪ್ಪು, ಸ್ವಲ್ಪ ಕ್ಷಾರ ಗುಣದ ಇನ್ನೊಂದು ಉಪ್ಪು, ಎರಡನ್ನೂ ತೂಕ ಹಿಡಿದು ನೀರಿಗೆ ಹಾಕಿದರೆ ಆ ನೀರು ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಅದಕ್ಕೆ ಚೂರು ಹುಳಿಯೋ ಕ್ಷಾರವೋ ಬಿದ್ದರೂ ಹದ ಕೆಡುವುದಿಲ್ಲ. ರಕ್ತದ ಸ್ಲೈಡಿಗೆ ಹಾಕುವ ಬಣ್ಣವನ್ನು ಈ ನೀರಿನಲ್ಲೇ ಕಲಸಬೇಕು. ನೀರಿನ ಹದ ತಪ್ಪಿದರೆ ಬಣ್ಣ ತಪ್ಪುತ್ತದೆ, ಬಣ್ಣ ತಪ್ಪಿದರೆ ರೋಗ ಕಾಣುವುದಿಲ್ಲ. ಕ್ಲಾಸಿನಲ್ಲಿ ಮಿಕ್ಕವರು ಆ ಲೆಕ್ಕವನ್ನು ಒಬ್ಬರದು ನೋಡಿ ಇನ್ನೊಬ್ಬರು ಬರೆದರು. ಗೌತಮಿ ಮೂರು ಬೇರೆ ಬೇರೆ ಹದಕ್ಕೆ ಮೂರು ಸಲ ಮಾಡಿದಳು, ಯಾರೂ ಕೇಳದಿದ್ದರೂ.

ಕೆಲಸ ಸಿಕ್ಕಿದ್ದು ಸಿರುಗುಪ್ಪದಲ್ಲಿ, ಒಂದು ಟ್ರಸ್ಟಿನವರು ನಡೆಸುವ ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ. ಅಲ್ಲೇ ಮದುವೆಯೂ ಆಯಿತು. ಗಂಡ ಭೀಮರಾಜ ಊರ ಹೊರಗಿನ ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಲ್ಯಾಬಿಗೆ ಹಿರಿಯರು ತಿಪ್ಪೇಸ್ವಾಮಿ. ಮೂವತ್ತು ವರ್ಷದ ಅನುಭವ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ಕೈ ಅಳುಕದಂತೆ ಸೂಜಿ ಚುಚ್ಚುವುದನ್ನು ಗೌತಮಿಗೆ ಕಲಿಸಿದವರೇ ಅವರು. ಆದರೆ ಬಫರ್ ಮಾಡುವುದನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂದವರೇ ಗೋಡೆಗೆ ಅಂಟಿಸಿದ ಹಾಳೆ ನೋಡಿ ಮಾಡುತ್ತಿದ್ದರು. ಅದರಲ್ಲಿ ಅವರದೇ ಮುತ್ತಿನಂಥ ಅಕ್ಷರದಲ್ಲಿ, ಒಂದು ಲೀಟರ್ ನೀರಿಗೆ ಹುಳಿ ಗುಣದ ಪೊಟ್ಯಾಸಿಯಂ ಉಪ್ಪು ಮುಕ್ಕಾಲು ಗ್ರಾಂಗೆ ತುಸು ಕಡಿಮೆ, ಅಂದರೆ ಸೊನ್ನೆ ಪಾಯಿಂಟ್ ಏಳು, ಕ್ಷಾರ ಗುಣದ ಸೋಡಿಯಂ ಉಪ್ಪು ಸರಿಯಾಗಿ ಒಂದು ಗ್ರಾಂ ಎಂದು ಬರೆದಿತ್ತು. ಹದ, ಅಂದರೆ ಪಿಎಚ್, ಏಳು ಪಾಯಿಂಟ್ ಎರಡು.

ಎರಡು ವರ್ಷದ ಹಿಂದಿನ ಮಾತು. ಜುಲೈ ಕೊನೆಯಲ್ಲಿ ಕಾಲುವೆಗೆ ನೀರು ಬಿಟ್ಟು ನೆಲ್ಲಿನ ನಾಟಿ ಶುರುವಾಗಿತ್ತು. ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ಕೆಲಸಕ್ಕೆ ಜನ ಬಂದಿದ್ದರು, ಅವರ ಜೊತೆಗೆ ಜ್ವರವೂ ಬಂದಿತ್ತು. ಮಲೇರಿಯಾ ಕಿಟ್‌ಗಳು ಮುಗಿದು ಹೊಸವು ಬಂದಿರಲಿಲ್ಲ, ಆದ್ದರಿಂದ ಎಲ್ಲವೂ ಮೈಕ್ರೋಸ್ಕೋಪಿನ ಮೇಲೆಯೇ ನಿಂತಿತ್ತು. ಭೀಮರಾಜನ ಮಿಲ್ಲಿನಲ್ಲಿ ಹಮಾಲಿ ಮಾಡುವ ಮಾರೇಶ ಎಂಬಾತ ಆಗಸ್ಟ್ ಮೊದಲ ವಾರ ನಡುಗುತ್ತಾ ಬಂದ. ಗೌತಮಿ ಅವನ ಸ್ಲೈಡ್ ನೋಡಿದಳು. ಕೆಂಪು ಕಣಗಳೊಳಗೆ ರೋಗಾಣುವಿನ ಸಣ್ಣ ಉಂಗುರಗಳು ಇದ್ದವು, ಬೇರೆ ಗುರುತು ಕಾಣಲಿಲ್ಲ. ಮಲೇರಿಯಾದ ಫಾಲ್ಸಿಪಾರಂ ಜಾತಿ ಎಂದು ಬರೆದು ಸಹಿ ಹಾಕಿದಳು. ಆಸ್ಪತ್ರೆಯ ಡಾಕ್ಟರ್ ಮೀನಾಕ್ಷಿ ಅದಕ್ಕೆ ಕೊಡಬೇಕಾದ ಮೂರು ದಿನದ ಗುಳಿಗೆ ಕೊಟ್ಟರು. ಜ್ವರ ಇಳಿಯಿತು.

ಸೆಪ್ಟೆಂಬರ್ ನಡುವೆ ಒಂದು ದಿನ ಭೀಮರಾಜ ಊಟಕ್ಕೆ ಬಂದವನು, ಮಾರೇಶ ಮತ್ತೆ ಮೂಟೆಯ ಪಕ್ಕ ನಡುಗುತ್ತಾ ಕೂತಿದ್ದಾನೆ, ದಿನ ಬಿಟ್ಟು ದಿನ ಬರುತ್ತದಂತೆ ಅಂದ. ಅದೇ ವಾರ ಬಳ್ಳಾರಿಯ ಜಿಲ್ಲಾ ಲ್ಯಾಬಿನಿಂದ ಒಂದು ಪತ್ರ ಬಂತು. ಇಲ್ಲಿಂದ ಮರುಪರೀಕ್ಷೆಗೆ ಹೋಗಿದ್ದ ಸ್ಲೈಡುಗಳಲ್ಲಿ ಎರಡರ ಮಲೇರಿಯಾ ಜಾತಿ ತಪ್ಪಾಗಿದೆ, ಬಣ್ಣ ಸರಿಯಿಲ್ಲ, ನೋಡಿದ ಟೆಕ್ನಿಷಿಯನ್ನರಿಗೆ ಮತ್ತೆ ತರಬೇತಿ ಬೇಕು ಎಂದು ಅದರಲ್ಲಿತ್ತು. ನೋಡಿದವಳು ಗೌತಮಿ.

ಡಾಕ್ಟರ್ ಮೀನಾಕ್ಷಿ ಅವಳನ್ನು ಕರೆದು ಪತ್ರ ಮುಂದಿಟ್ಟರು. ಕೂಗಾಡುವ ಹೆಂಗಸಲ್ಲ ಅವರು. ಕಣ್ಣಿಗೆ ಏನಾದರೂ ತೊಂದರೆ ಇದೆಯಾ, ಚೆಕ್ ಮಾಡಿಸಿಕೊಳ್ಳುತ್ತೀಯಾ ಎಂದು ಕೇಳಿದರು. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಗೌತಮಿ ಹೇಳಿದಳು:

"ನನ್ನ ಕಣ್ಣು ಚೆನ್ನಾಗೇ ಅದಾವ ಮೇಡಂ. ಆದ್ರ ಸಹಿ ನಂದು, ತಪ್ಪು ಎಲ್ಲೈತಿ ಅಂತ ಹುಡುಕಿ ಕೊಡೋದೂ ನನ್ನ ಕೆಲಸ. ಎರಡು ದಿನ ಕೊಡ್ರಿ."

ಮೀನಾಕ್ಷಿ ಕೊಟ್ಟರು.

ಮೊದಲು ಅವಳು ಮಾಡಿದ್ದು, ಜನವರಿಯ ಹಳೆಯ ಸ್ಲೈಡುಗಳನ್ನು ಪೆಟ್ಟಿಗೆಯಿಂದ ತೆಗೆದು ಆಗಸ್ಟಿನವುಗಳ ಪಕ್ಕ ಇಟ್ಟದ್ದು. ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟಾಗ ಬರಿಗಣ್ಣಿಗೇ ಗೊತ್ತಾಯಿತು. ಜನವರಿಯವು ಬೂದು ಬೆರೆತ ನೇರಳೆ, ಆಗಸ್ಟಿನವು ಕೆಂಪಗೆ. ಹಾಗೆ ಕೆಂಪಾಗುತ್ತಿದೆ ಎಂದು ಜುಲೈಯಲ್ಲೇ ಅವಳಿಗೆ ಅನ್ನಿಸಿತ್ತು, ತಿಪ್ಪೇಸ್ವಾಮಿಯವರಿಗೆ ಒಂದು ಸಲ ಹೇಳಿಯೂ ಇದ್ದಳು. ಅವರು ಬಣ್ಣದ ಬಾಟಲಿ ಹೊಸದು, ಅದಕ್ಕೆ ಹಾಗೆ ಅಂದಿದ್ದರು. ಸರಿ ಎಂದು ಬಿಟ್ಟುಬಿಟ್ಟಿದ್ದಳು. ಈಗ ಆ ಬಿಟ್ಟುಬಿಟ್ಟದ್ದೇ ಅವಳ ಎದೆಗೆ ಚುಚ್ಚಿತು.

ಹಳೆಯ ಬಣ್ಣದ ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಅದರಿಂದ ಒಂದು ಸ್ಲೈಡ್ ಮಾಡಿದಳು, ಅದೂ ಕೆಂಪೇ. ಅಂದರೆ ಬಣ್ಣದ್ದಲ್ಲ. ಸ್ಲೈಡು ತೊಳೆಯುವ ನೀರು ಬದಲಿಸಿ ನೋಡಿದಳು, ನೀರಿನದ್ದೂ ಅಲ್ಲ. ಉಳಿದದ್ದು ಬಫರ್. ಪಿಎಚ್ ನೋಡುವ ಕಾಗದ ಅದ್ದಿದರೆ ಅದು ಆರೂವರೆಯೋ ಏಳೋ ಎಂದು ಹೇಳಲಾರದ ಒಂದು ಬಣ್ಣಕ್ಕೆ ತಿರುಗಿತು. ಅಷ್ಟು ಸಣ್ಣ ವ್ಯತ್ಯಾಸ ಅದರ ಕೈಲಿ ಆಗುವಂಥದ್ದಲ್ಲ. ಆಗ ಕಪಾಟಿನಿಂದ ಎರಡೂ ಉಪ್ಪಿನ ಬಾಟಲಿ ಕೆಳಗಿಳಿಸಿ ಮುಚ್ಚಳ ತೆಗೆದಳು.

ಸೋಡಿಯಂ ಉಪ್ಪಿನ ಬಾಟಲಿ ಜೂನ್‌ನಲ್ಲಿ ಬಂದ ಹೊಸದು, ಬೇರೆ ಕಂಪನಿಯದು. ಹಳೆಯದು ಮೈದಾ ಹಿಟ್ಟಿನಂತೆ ನುಣ್ಣಗೆ ಇರುತ್ತಿತ್ತು. ಇದು ಕಲ್ಲುಸಕ್ಕರೆಯ ಚೂರಿನಂತೆ ಹೊಳೆಯುತ್ತಿತ್ತು. ಲೇಬಲ್ಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಅದೇ ಹೆಸರು. ಅದರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಹನ್ನೆರಡು ನೀರು ಸೇರಿದ್ದು, ಅಣುತೂಕ 358 ಎಂದು ಇತ್ತು.

ಗೌತಮಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಓಪಿಡಿ ಚೀಟಿಯೊಂದನ್ನು ಹಿಂದುಮುಂದಾಗಿ ತಿರುಗಿಸಿ ಬರೆಯತೊಡಗಿದಳು. ಒಣ ಉಪ್ಪಿನ ಅಣುತೂಕ 142. ಹನ್ನೆರಡು ನೀರಿನ ತೂಕ, ಹನ್ನೆರಡು ಹದಿನೆಂಟಲೆ, 216. ಕೂಡಿದರೆ 358. ಅಂದರೆ ಈ ಹರಳನ್ನು 358 ಗ್ರಾಂ ತೂಗಿದರೆ ಅದರಲ್ಲಿ ಉಪ್ಪು 142 ಗ್ರಾಂ, ಉಳಿದದ್ದೆಲ್ಲ ಹರಳಿನೊಳಗೆ ಕೂತ ನೀರು. ಒಂದು ಗ್ರಾಂ ತೂಗಿದರೆ ಸಿಗುವ ಉಪ್ಪು ಅರ್ಧ ಗ್ರಾಂ ಕೂಡ ಇಲ್ಲ. ಮೂರು ತಿಂಗಳಿಂದ ಬಫರಿಗೆ ಕ್ಷಾರದ ಉಪ್ಪು ಅರ್ಧಕ್ಕಿಂತ ಕಡಿಮೆ ಬೀಳುತ್ತಿದೆ, ಹುಳಿ ಉಪ್ಪು ಮಾತ್ರ ಪೂರ್ತಿ ಬೀಳುತ್ತಿದೆ.

ಅಲ್ಲಿಗೇ ನಿಲ್ಲಿಸಲಿಲ್ಲ. ಹದ ಎಷ್ಟು ಇಳಿದಿರಬೇಕು ಎಂಬುದನ್ನೂ ತೆಗೆದಳು. ತೂಕದಲ್ಲಲ್ಲ, ಅಣುಗಳ ಎಣಿಕೆಯಲ್ಲಿ ಹಿಡಿದರೆ ಮೊದಲು ಹುಳಿ ಉಪ್ಪಿನ ಒಂದು ಪಾಲಿಗೆ ಕ್ಷಾರ ಉಪ್ಪು ಒಂದು ಪಾಯಿಂಟ್ ಮೂರು ಏಳು ಪಾಲು, ಈಗ ಬರೀ ಸೊನ್ನೆ ಪಾಯಿಂಟ್ ಐದು ನಾಲ್ಕು. ಎರಡರ ಲಾಗ್ ಹಿಡಿದು ಕಳೆದಳು. ಸೊನ್ನೆ ಪಾಯಿಂಟ್ ನಾಲ್ಕು ಬಂತು. ಏಳು ಪಾಯಿಂಟ್ ಎರಡರಲ್ಲಿ ಅಷ್ಟು ಹೋದರೆ ಆರು ಪಾಯಿಂಟ್ ಎಂಟು. ಆ ಹದದಲ್ಲಿ ಉಂಗುರ ಕಾಣುತ್ತದೆ, ಆದರೆ ವೈವಾಕ್ಸ್ ಜಾತಿಯನ್ನು ತೋರಿಸುವ ಸಣ್ಣ ಗುಲಾಬಿ ಚುಕ್ಕಿಗಳು ಬಣ್ಣ ಹಿಡಿಯುವುದಿಲ್ಲ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಮೇಲೇಳುವ ಜಾತಿ, ಅದಕ್ಕೆ ಹದಿನಾಲ್ಕು ದಿನ ಬೇರೆ ಗುಳಿಗೆ ಬೇಕು. ಮಾರೇಶನಿಗೆ ಜ್ವರ ಯಾಕೆ ಮರಳಿತು ಎಂಬುದು ಆ ಚೀಟಿಯ ಹಿಂಬದಿಯಲ್ಲಿತ್ತು. 358 ಅನ್ನು 142ರಿಂದ ಭಾಗಿಸಿ ಕೊನೆಯ ಸಾಲು ಬರೆದಳು: ಒಂದು ಗ್ರಾಂ ಅಲ್ಲ, ಎರಡು ಪಾಯಿಂಟ್ ಐದು ಎರಡು ಗ್ರಾಂ.

ಚೀಟಿಯನ್ನು ತಿಪ್ಪೇಸ್ವಾಮಿಯವರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿದರು, ಪೂರ್ತಿ ಓದಲಿಲ್ಲ.

"ಗ್ವಾಡಿ ಮ್ಯಾಲಿಂದು ನಾನು ಬರದಿದ್ದು. ಇಪ್ಪತ್ತೆರಡು ವರ್ಷ ಆತು. ಒಂದು ದಿನಾನೂ ಕೈ ಕೊಟ್ಟಿಲ್ಲಮ್ಮ," ಅಂದರು.

"ನೀವು ಬರದಿದ್ದು ತಪ್ಪಿಲ್ಲ ಸರ್. ಬಾಟ್ಲಿ ಬದಲಾಗೈತಿ."

ಅವರು ಒಪ್ಪಲಿಲ್ಲ. ಇದ್ದದ್ದಕ್ಕಿಂತ ಎರಡೂವರೆ ಪಟ್ಟು ಉಪ್ಪು ಸುರಿದರೆ ಇರುವ ಸ್ಲೈಡೂ ಹಾಳಾಗುತ್ತದೆ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇರೇನೋ ಇತ್ತು. ನಿವೃತ್ತಿಗೆ ಇನ್ನು ಎಂಟು ತಿಂಗಳು. ಗೌತಮಿ ವಾದಕ್ಕೆ ಇಳಿಯಲಿಲ್ಲ. ಹರಳು ಒಂದು ಗ್ರಾಂ ಹಾಕಿ ಒಂದು ಬಾಟಲಿ, ಎರಡು ಪಾಯಿಂಟ್ ಐದು ಎರಡು ಗ್ರಾಂ ಹಾಕಿ ಇನ್ನೊಂದು ಬಾಟಲಿ ಅವರ ಕಣ್ಣೆದುರೇ ಮಾಡಿದಳು. ಊರ ಹೊರಗೆ ಮಣ್ಣು ಪರೀಕ್ಷೆ ಮಾಡುವ ಕಡೆ ಒಳ್ಳೆಯ ಪಿಎಚ್ ಮೀಟರ್ ಇದೆ, ಹೋಗಿ ನೋಡಿಕೊಂಡು ಬರೋಣ ಬರ್ರಿ ಸರ್ ಎಂದಳು. ಅವರು ತಮ್ಮ ಸ್ಕೂಟರಿನಲ್ಲೇ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟರು.

ಅಲ್ಲಿನ ಕರಿಬಸವ ಎಂಬುವವರು ಎರಡೂ ಬಾಟಲಿ ಹಿಡಿದು ನೋಡಿ, ಇದು ಯಾರ ಹೊಲದ ನೀರು ಎಂದು ಕೇಳಿದರು. ಹೊಲದ್ದಲ್ಲ, ಲ್ಯಾಬಿನದು ಎಂದು ಗೌತಮಿ ತಿಳಿಸಿ ಹೇಳಿದಳು. ಅವರು ಮೀಟರಿನ ಕಡ್ಡಿ ತೊಳೆದು ಸಿದ್ಧ ಮಾಡುತ್ತಿರುವಾಗ ಅವಳು ತನ್ನ ಪೆನ್ನನ್ನು ತಿಪ್ಪೇಸ್ವಾಮಿಯವರಿಗೆ ಕೊಟ್ಟಳು.

"ಬರ್ಕೊಳ್ರಿ ಸರ್. ಮೊದಲ್ನೇದು ಆರು ಪಾಯಿಂಟ್ ಎಂಟು. ಎರಡ್ನೇದು ಏಳು ಪಾಯಿಂಟ್ ಎರಡು. ಬ್ಯಾರೆ ಬಂದ್ರ ಬಳ್ಳಾರಿಗೆ ತರಬೇತಿಗೆ ನಾನೇ ಹೋಗ್ತೀನಿ."

ತಿಪ್ಪೇಸ್ವಾಮಿ ಅಂಗೈ ಮೇಲೆ ಚೀಟಿ ಇಟ್ಟು ಬರೆದರು. ಕಡ್ಡಿ ಮೊದಲ ಬಾಟಲಿಗೆ ಇಳಿಯಿತು. ಅಂಕಿಗಳು ಸ್ವಲ್ಪ ಹೊತ್ತು ಅತ್ತಿತ್ತ ಓಲಾಡಿ ನಿಂತವು: 6.83. ಕಡ್ಡಿ ತೊಳೆದು ಎರಡನೆಯದಕ್ಕೆ ಇಳಿಸಿದರು: 7.19. ಕರಿಬಸವ ಇಬ್ಬರ ಮುಖವನ್ನೂ ನೋಡಿ, ಮೊದಲೇ ಅಳೆದುಕೊಂಡು ಬಂದು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರೇನು ಎಂದು ನಕ್ಕರು. ತಿಪ್ಪೇಸ್ವಾಮಿ ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ವಾಪಸು ಬಂದ ಕೂಡಲೇ ಮಾರೇಶನನ್ನು ಮಿಲ್ಲಿನಿಂದ ಕರೆಸಿ, ಅವನ ರಕ್ತದಿಂದ ಎರಡು ಸ್ಲೈಡ್ ಮಾಡಿದರು. ಒಂದಕ್ಕೆ ಹಳೆಯ ಬಫರ್, ಇನ್ನೊಂದಕ್ಕೆ ಹೊಸದು. ಹಳೆಯದರಲ್ಲಿ ಕೆಂಪು ಕಣದೊಳಗೆ ಉಂಗುರ ಬಿಟ್ಟರೆ ಏನೂ ಇಲ್ಲ. ಹೊಸದರಲ್ಲಿ ಅದೇ ಕಣದ ತುಂಬ ರವೆ ಚೆಲ್ಲಿದಂತೆ ಗುಲಾಬಿ ಚುಕ್ಕಿಗಳು. ಗೌತಮಿ ಎದ್ದು ಜಾಗ ಬಿಟ್ಟುಕೊಟ್ಟಳು. ತಿಪ್ಪೇಸ್ವಾಮಿ ಬಗ್ಗಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಆಮೇಲೆ ತಾವೇ ಎದ್ದು ಹೋಗಿ ಡಾಕ್ಟರ್ ಮೀನಾಕ್ಷಿಯವರನ್ನು ಕರೆದುಕೊಂಡು ಬಂದರು. ಹದಿನಾಲ್ಕು ದಿನದ ಗುಳಿಗೆ ಮೈಗೆ ಒಗ್ಗುತ್ತದೆಯೇ ಎಂದು ಡಾಕ್ಟರು ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿ ಮಾರೇಶನಿಗೆ ಅದನ್ನು ಶುರು ಮಾಡಿದರು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಜೂನ್‌ನಿಂದ ಫಾಲ್ಸಿಪಾರಂ ಎಂದು ಬರೆದ ಸ್ಲೈಡುಗಳು, ಬಳ್ಳಾರಿಗೆ ಹೋಗಿ ಬಂದ ಎರಡೂ ಸೇರಿ, ಹತ್ತೊಂಬತ್ತು ಇದ್ದವು, ಹತ್ತೊಂಬತ್ತಕ್ಕೂ ಗೌತಮಿಯ ಸಹಿ ಇತ್ತು. ಅವುಗಳ ಹಳೆಯ ಬಣ್ಣ ತೆಗೆದು, ಸರಿಯಾದ ಬಫರಿನಲ್ಲಿ ಮತ್ತೆ ಬಣ್ಣ ಹಾಕಿ ಇಬ್ಬರೂ ಪಕ್ಕಪಕ್ಕ ಕೂತು ನೋಡಿದರು. ಆರು ವೈವಾಕ್ಸ್ ಬಂದವು. ಒಬ್ಬ ಮಾರೇಶ. ಉಳಿದ ಐವರನ್ನು ಹುಡುಕಬೇಕು. ಭೀಮರಾಜ ಮಿಲ್ಲುಗಳನ್ನು ಸುತ್ತಿ ಇಬ್ಬರನ್ನು ಪತ್ತೆ ಮಾಡಿ ಕರೆತಂದ. ನಾಟಿ ಮುಗಿಸಿ ಊರಿಗೆ ಹೋಗಿದ್ದ ಇಬ್ಬರಿಗೆ ಫೋನ್ ಹಚ್ಚಿ, ಅಲ್ಲಿನ ಆಸ್ಪತ್ರೆಯ ಹೆಸರು ಕೇಳಿ, ಗುಳಿಗೆ ಸಿಗುವ ಹಾಗೆ ಮಾಡಿದರು. ಒಬ್ಬನ ಸುಳಿವು ಮಾತ್ರ ಕೊನೆಗೂ ಸಿಗಲಿಲ್ಲ. ಕೊಟ್ಟಿದ್ದ ನಂಬರು ಬೇರೆ ಯಾರದೋ ಆಗಿತ್ತು.

ಬಳ್ಳಾರಿಯ ಪತ್ರಕ್ಕೆ ಉತ್ತರ ಬರೆಯಬೇಕಿತ್ತು. ಸಂಜೆ ಎಲ್ಲರೂ ಹೋದ ಮೇಲೆ ತಿಪ್ಪೇಸ್ವಾಮಿ ಅವಳ ಮೇಜಿನ ಹತ್ತಿರ ಬಂದು ನಿಂತರು. ಬಣ್ಣದ ಬಾಟಲಿ ಕೆಟ್ಟಿತ್ತು ಅಂತ ಒಂದು ಸಾಲು ಬರೆದರೆ ಯಾರಿಗೂ ತೊಂದರೆ ಇರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಮೂವತ್ತು ವರ್ಷದಲ್ಲಿ ಒಂದು ಕಪ್ಪು ಚುಕ್ಕಿ ಬಿದ್ದಿಲ್ಲ ಎಂದರು. ತಾನು ಆಸ್ಪತ್ರೆಗೆ ಬಂದ ಹೊಸದರಲ್ಲಿ, ತನ್ನ ಕೈಯಿಂದ ನೀರು ಕುಡಿಯಲು ಹಿಂದೆಮುಂದೆ ನೋಡುವವರಿದ್ದಾಗ, ಎಲ್ಲರೆದುರು ಕೇಳಿ ಇಸಿದುಕೊಂಡು ಕುಡಿದವರು ಇವರು ಎಂಬುದು ಗೌತಮಿಗೆ ನೆನಪಿತ್ತು. ಅವಳು ಕುರ್ಚಿ ಎಳೆದು ಕೊಟ್ಟಳು.

"ಸರ್, ಬಣ್ಣ ಕೆಟ್ಟಿತ್ತು ಅಂತ ಬರದ್ರ ನಾಳೆ ಇನ್ನೊಂದು ಊರಿನ್ಯಾಗ ಇದೇ ಬಾಟ್ಲಿ ಬರ್ತೈತಿ, ಇದೇ ಒಂದು ಗ್ರಾಂ ತೂಗ್ತಾರ. ಇದ್ದಿದ್ದು ಇದ್ದಂಗ ಬರಿತೀನಿ. ನಿಮ್ಮ ಹೆಸರು ಬರಿಯಂಗಿಲ್ಲ. ಹೆಸರು ಬೇಕಂದ್ರ ನಂದು ಐತಿ."

ಹಾಗೆಯೇ ಬರೆದಳು. ಜೂನ್‌ನಲ್ಲಿ ಬಾಟಲಿ ಬದಲಾಯಿತು, ಲ್ಯಾಬಿನ ಹಾಳೆಯಲ್ಲಿ ಯಾವ ಬಗೆಯ ಉಪ್ಪು ಎಂದು ನಮೂದಿಸಿರಲಿಲ್ಲ, ಸ್ಲೈಡು ಕೆಂಪಗಾದದ್ದನ್ನು ನಾನು ಗಮನಿಸಿಯೂ ಬೆನ್ನು ಹತ್ತಲಿಲ್ಲ. ಲೆಕ್ಕ ಇದು, ಮೀಟರಿನ ಅಂಕಿ ಇವು, ಮತ್ತೆ ಕರೆಸಿದವರು ಇಷ್ಟು, ಸಿಗದವರು ಒಬ್ಬರು. ಒಂದೂವರೆ ಪುಟ. ಡಾಕ್ಟರ್ ಮೀನಾಕ್ಷಿ ಎರಡು ಸಲ ಓದಿ, ಒಂದು ಅಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ಅದರ ಕೆಳಗೆ ಇನ್ನೊಂದು ಸಹಿಗೆ ಜಾಗವಿತ್ತು. ಪತ್ರ ಲಕೋಟೆಗೆ ಹೋಗುವ ಮುಂಚೆ ತಿಪ್ಪೇಸ್ವಾಮಿ ಅದನ್ನು ಕೇಳಿ ಪಡೆದು, 'ಬಫರ್ ತಯಾರಿಸಿದವರು' ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು. ಯಾರೂ ಹೇಳಿರಲಿಲ್ಲ.

ಅವರಿಗೆ ಏನೂ ಆಗಲಿಲ್ಲ. ಬಳ್ಳಾರಿಯಿಂದ ಬಂದ ಉತ್ತರದಲ್ಲಿ ತರಬೇತಿಯ ಮಾತು ಬಿಟ್ಟು ಹೋಗಿತ್ತು. ಅದರ ಬದಲು ಬೇರೆ ಲ್ಯಾಬುಗಳೂ ತಮ್ಮ ಬಾಟಲಿ ನೋಡಿಕೊಳ್ಳಬೇಕು ಎಂಬ ಸೂಚನೆ ಹೋಯಿತಂತೆ. ಇನ್ನೂ ಎರಡು ಕಡೆ ಅದೇ ಹರಳು ಸಿಕ್ಕಿತು ಎಂದು ಆಮೇಲೆ ತಿಳಿಯಿತು. ತಿಪ್ಪೇಸ್ವಾಮಿ ಮೇ ತಿಂಗಳಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾದರು. ಆ ಎಂಟು ತಿಂಗಳೂ ಸೋಮವಾರದ ಬಫರನ್ನು ಗೌತಮಿಯೇ ಮಾಡಿದಳು. ಅವರು ಪಕ್ಕದಲ್ಲಿ ನಿಂತು ತೂಕ ಓದಿ ಹೇಳುತ್ತಿದ್ದರು.

ಈಗ ಲ್ಯಾಬಿನ ಜವಾಬ್ದಾರಿ ಗೌತಮಿಯದು. ವರ್ಷಕ್ಕೊಮ್ಮೆ ಬಳ್ಳಾರಿಯಲ್ಲಿ ಟೆಕ್ನಿಷಿಯನ್ನರ ತರಬೇತಿ ನಡೆದಾಗ ಬಫರ್ ಬಗ್ಗೆ ಒಂದು ತಾಸು ಪಾಠ ಹೇಳಲು ಅವಳನ್ನು ಕರೆಯುತ್ತಾರೆ. ಹಿಂದಿನ ಸಲ ಕುರುಗೋಡಿನಿಂದ ಈರಮ್ಮನೂ ಜೊತೆಗೆ ಬಂದಿದ್ದಳು. ಮಗಳು ಪಾಠ ಹೇಳುವುದನ್ನು ನೋಡಬೇಕೆಂದು ಹಟ ಹಿಡಿದು, ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು. ಹರಳಿನೊಳಗೆ ನೀರು ಹೇಗಿರುತ್ತದೆ ಎಂಬುದು ಕೆಲವರಿಗೆ ತಲೆಗೆ ಹೋಗಲಿಲ್ಲ. ಗೌತಮಿ ಗಾರೆ ಕೆಲಸದ ಮಾತು ತೆಗೆದಳು. ಒಣ ಮರಳು ಒಂದು ಪುಟ್ಟಿ, ಮಳೆಯಲ್ಲಿ ನೆನೆದ ಮರಳು ಒಂದು ಪುಟ್ಟಿ, ಒಂದೇ ತೂಕ ಹಿಡಿದು ತೂಗಿದರೆ ಎರಡರಲ್ಲಿ ಮರಳು ಒಂದೇ ಸಮ ಇರುತ್ತದೇನು ಎಂದು ಕೇಳಿದಳು. ಇರಂಗಿಲ್ಲ ಎಂದು ಮೊದಲು ಉತ್ತರ ಕೊಟ್ಟವಳು ಕೊನೆಯ ಬೆಂಚಿನ ಈರಮ್ಮ. ಕೋಣೆ ನಕ್ಕಿತು, ಈರಮ್ಮನೂ ನಕ್ಕಳು.

ಪಾಠದ ಕೊನೆಗೆ ಸಂಡೂರು ಕಡೆಯ ಒಬ್ಬ ಟೆಕ್ನಿಷಿಯನ್ ಎದ್ದು, ನಮ್ಮಲ್ಲಿ ಇರುವುದು ಹನ್ನೆರಡು ನೀರಿನದಲ್ಲ, ಎರಡು ನೀರಿನದು, ಅದಕ್ಕೆ ಎಷ್ಟು ಹಾಕಬೇಕು ಮೇಡಂ ಎಂದು ಕೇಳಿದ. ಉತ್ತರ ಗೌತಮಿಯ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಸೀಮೆಸುಣ್ಣ ಅವನತ್ತ ಚಾಚಿದಳು.

ಅವನು ಬೋರ್ಡಿನ ಹತ್ತಿರ ಹೋಗಿ 142 ಬರೆದ. ಎರಡು ಹದಿನೆಂಟಲೆ ಮೂವತ್ತಾರು ಕೂಡಿದ. 178 ಬಂತು. ಭಾಗಿಸುವಾಗ ಒಂದು ಸಲ ತಪ್ಪಿ, ಅಂಗೈಯಿಂದ ಒರೆಸಿ ಮತ್ತೆ ಮಾಡಿದ. ಒಂದೂಕಾಲು ಗ್ರಾಂ ಎಂದು ಬರೆದು, ಕೆಳಗೆ ಗೆರೆ ಎಳೆದು, ತಿರುಗಿ ಅವಳನ್ನು ನೋಡಿದ.

"ಸರಿ ಐತೇನ್ರಿ ಮೇಡಂ?"

"ನನ್ನ ಕೇಳಬ್ಯಾಡ್ರಿ. ಇನ್ನೊಂದು ಸಲ ನೀವೇ ನೋಡ್ಕೊಳ್ರಿ," ಅಂದಳು ಗೌತಮಿ.

ಅವನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿ, ಸರಿ ಐತಿ ಅಂದ.